ಹಂಪಿಯ ಬಸ್ಸು ಮಸ್ಕಿಗೂ ಬರಲಿ

ಹೊರದೇಶದಿಂದ ಗುಂಪಾಗಿ ಬರುವ ಪ್ರವಾಸಿಗರು ಹಂಪಿ ನೋಡಿ ನೇರ ಬಾದಾಮಿಗೆ ಹೋಗುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಅವರ ಪಟ್ಟಿಯಲ್ಲಿ ಇರುವುದೇ ಅಪರೂಪ. ಅಲ್ಲಿ ನೋಡೋಕೆ ಏನಿದೆ ಅಂತ ಕೇಳುವವರಿಗೆ ಮೊದಲ ಉತ್ತರ ಮಸ್ಕಿಯ ಬಂಡೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದರೂ, ಶಾಸನಗಳ 'ದೇವಾನಾಂಪ್ರಿಯ' ಯಾರೆಂಬುದಕ್ಕೆ ಶಾಸನದಲ್ಲೇ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಈ ಬಂಡೆಯ ಮೇಲೆ ಆ ಬಿರುದಿನ ಜೊತೆಗೇ ಅಶೋಕನ ಹೆಸರಿತ್ತು. ಇಂಥ ಊರನ್ನು ಬಿಟ್ಟು ಭಾರತದ ಚರಿತ್ರೆ ನೋಡಿದೆ ಅನ್ನೋದು ಹೇಗೆ? ಲಿಂಗಸುಗೂರು ತಾಲೂಕಿನಲ್ಲಿ ಮುದಗಲ್ ಕೋಟೆಯಿದೆ, ಇಂದಿಗೂ ಚಿನ್ನ ತೆಗೆಯುವ ಹಟ್ಟಿಯಿದೆ.

ಸಿಂಧನೂರಿನಲ್ಲಿ ಸ್ಮಾರಕಕ್ಕಿಂತ ಬದುಕು ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆ ಒಣ ಸೀಮೆಯನ್ನು ಭತ್ತದ ನಾಡಾಗಿಸಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಇಲ್ಲಿನ ಕ್ಯಾಂಪುಗಳಲ್ಲಿ ನೆಲೆಯೂರಿದರು. ನೀರು, ವಲಸೆ, ದುಡಿಮೆ ಮೂರೂ ಒಂದೇ ತಾಲೂಕಿನಲ್ಲಿ ಕಾಣುತ್ತವೆ. ಬಿಸಿಲು ಜಾಸ್ತಿ, ಒಳ್ಳೆ ಹೋಟೆಲ್ ಕಡಿಮೆ ಅನ್ನೋ ಆಕ್ಷೇಪ ಸುಳ್ಳಲ್ಲ. ಆದರೆ ನವೆಂಬರಿನಿಂದ ಜನವರಿವರೆಗೆ ಹಗಲು ಹಿತವಾಗಿರುತ್ತದೆ, ಮೂರೂ ಊರು ಒಂದೇ ಹೆದ್ದಾರಿಯಲ್ಲಿವೆ. ಬಸ್ಸು ಬಂದರೆ ಹಳ್ಳಿ ಕೆಡುತ್ತದೆ ಅನ್ನೋ ಆತಂಕ ಇದಕ್ಕಿಂತ ಗಂಭೀರ. ಕ್ಯಾಂಪು ಪ್ರದರ್ಶನದ ವಸ್ತುವಲ್ಲ, ಜನರ ಮನೆ. ಹಾಗಾಗಿ ಹತ್ತು-ಹನ್ನೆರಡು ಜನರ ಗುಂಪು ಸಾಕು, ಕೇಳದೆ ಕ್ಯಾಮೆರಾ ಎತ್ತಬಾರದು. ದಾರಿ ತೋರಿಸುವವರು ಊರಿನವರೇ ಆಗಿರಲಿ, ಊಟದ ದುಡ್ಡು ಅಲ್ಲಿನ ಖಾನಾವಳಿಗೇ ಸೇರಲಿ.