ಹಳ್ಳದ ಹಠಾತ್ ನೆರೆಯೂ ಒಕ್ಕಲಿಗರ ಎಚ್ಚರಿಕೆಯೂ

ಬೀದರ ಜಿಲ್ಲೆಯ ಬೇಮಳಖೇಡ, ಹುಮನಾಬಾದು, ಬಸವಕಲ್ಯಾಣಗಳ ಸೀಮೆಯಲ್ಲಿ ದೊಡ್ಡ ಹೊಳೆಗಳಿಗಿಂತ ಹಳ್ಳಗಳೇ ಹೆಚ್ಚು. ವರ್ಷದ ಬಹುಭಾಗದಲ್ಲಿ ಇವು ಒಣಗಿರುವವು, ಇಲ್ಲವೆ ಸಣ್ಣಗೆ ಹರಿಯುತ್ತಿರುವವು. ಊರಿನಿಂದ ಹೊಲಕ್ಕೆ ಹೋಗುವ ದಾರಿಯು ಅನೇಕ ಕಡೆಗಳಲ್ಲಿ ಹಳ್ಳವನ್ನು ದಾಟಿಯೇ ಹೋಗುವುದು. ಮುಂಜಾನೆ ಪಾದ ಮಾತ್ರ ತೋಯಿಸಿಕೊಂಡು ದಾಟಿದ ಹಳ್ಳವು ಸಂಜೆಯ ವೇಳೆಗೆ ಎತ್ತು ಬಂಡಿಗಳನ್ನು ಸೆಳೆದೊಯ್ಯುವಷ್ಟು ತುಂಬಿ ಬರುವುದುಂಟು. ದಿನವೂ ದಾಟಿದ ಹಳ್ಳವೆಂಬ ನಂಬಿಕೆಯೇ ಆಗ ಪ್ರಾಣಕ್ಕೆ ಎರವಾಗುವುದು. ಆದುದರಿಂದ ಈ ನೆರೆಯ ಸ್ವಭಾವವನ್ನು ಪ್ರತಿಯೊಬ್ಬ ಒಕ್ಕಲಿಗನೂ ಮಳೆಗಾಲಕ್ಕೆ ಮುಂಚೆಯೇ ತಿಳಿದಿರುವುದು ಅವಶ್ಯವು.

ನೆರೆಯು ಬರುವ ಬಗೆ

ಗುಡುಗು ಮಿಂಚುಗಳಿಂದ ಕೂಡಿದ ಮಳೆಯು ನಾಡೆಲ್ಲ ಒಂದೇ ಸಮನಾಗಿ ಸುರಿಯುವುದಿಲ್ಲ. ಕೆಲವು ಹರದಾರಿಗಳ ಪ್ರದೇಶದಲ್ಲಿ ಅಲ್ಪಕಾಲದಲ್ಲಿಯೇ ಭರದಿಂದ ಸುರಿದು ಮುಂದೆ ಸಾಗುವುದು. ಒಂದು ಹೆಕ್ಟೇರು ಭೂಮಿಯ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ ಅದು 10,000 ಲೀಟರು ನೀರಾಗುವುದು. ಒಂದು ಹಳ್ಳಕ್ಕೆ 500 ಹೆಕ್ಟೇರಿನ ನೀರು ಬಂದು ಸೇರುವುದೆಂದು ಇಟ್ಟುಕೊಂಡರೆ, ಅಲ್ಲಿ 60 ಮಿಲಿಮೀಟರು ಮಳೆಯಾದಾಗ 30 ಕೋಟಿ ಲೀಟರು ನೀರು ಬಿದ್ದಂತಾಯಿತು. ಇದರಲ್ಲಿ ಅರ್ಧವೇ ಹರಿದು ಬಂದರೂ 15 ಕೋಟಿ ಲೀಟರು ನೀರು ಒಂದೆರಡು ತಾಸುಗಳಲ್ಲಿ ಆ ಕಿರಿದಾದ ಪಾತ್ರದಿಂದಲೇ ಹೋಗಬೇಕು.

ಮಣ್ಣಿನ ಗುಣವೂ ಇದಕ್ಕೆ ಸೇರುವುದು. ಬೇಸಗೆಯಲ್ಲಿ ಬಿರುಕು ಬಿಟ್ಟ ಎರೆ ಭೂಮಿಯು ಮೊದಲ ಮಳೆಯನ್ನು ಚೆನ್ನಾಗಿ ಕುಡಿಯುವುದು. ಒಮ್ಮೆ ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಹೋಗುವವು. ಅನಂತರ ಬಿದ್ದ ನೀರು ಇಂಗದೆ ಇಳಿಜಾರಿನತ್ತ ಓಡುವುದು. ಆದುದರಿಂದ ಅಷ್ಟೇ ಮಳೆಯು ಜ್ಯೇಷ್ಠದಲ್ಲಿ ಬಿದ್ದಾಗ ಹಳ್ಳವು ಏರದಿದ್ದರೂ ಭಾದ್ರಪದ ಆಶ್ವಯುಜಗಳಲ್ಲಿ ದಡ ಮೀರಬಹುದು.

ಇದರಿಂದ ತಿಳಿಯತಕ್ಕ ಮುಖ್ಯ ಸಂಗತಿಯೇನೆಂದರೆ, ಹಳ್ಳವು ನಿಂತ ಸ್ಥಳದ ಮಳೆಯಿಂದ ತುಂಬುವುದಿಲ್ಲ, ಮೇಲಿನ ಮಳೆಯಿಂದ ತುಂಬುವುದು. ದಾಟುವಲ್ಲಿ ಬಿಸಿಲಿದ್ದರೂ ಮೇಲ್ಗಡೆಯ ದಿಕ್ಕಿನಲ್ಲಿ ಮುಗಿಲು ಕಪ್ಪಾಗಿದ್ದರೆ ನಂಬತಕ್ಕದ್ದಲ್ಲ. ತಿಳಿನೀರು ಒಮ್ಮೆಲೆ ಕದಡುವುದು, ಕಸಕಡ್ಡಿಗಳು ತೇಲಿಬರುವುದು, ಮೇಲ್ಗಡೆಯಿಂದ ಮೊರೆತ ಕೇಳಿಸುವುದು, ಇವು ನೆರೆಯು ಸಮೀಪಿಸಿದ ಗುರುತುಗಳು.

ಹಿಂದಿನ ಅನುಭವ

ಬೀದರ ಜಿಲ್ಲೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1908ನೆಯ ಸೆಪ್ಟೆಂಬರ್ 28ರಂದು, ರಾಜಧಾನಿಯ ಮೂಸಿ ನದಿಗೆ ಬಂದ ನೆರೆಯಲ್ಲಿ ಸಾವಿರಾರು ಜನರು ಮಡಿದರು. ಮೇಲ್ಗಡೆಯ ಪ್ರದೇಶದಲ್ಲಿ 200ಕ್ಕೂ ಮಿಕ್ಕ ಕೆರೆಗಳು ಒಡೆದು, ಅವುಗಳ ನೀರೆಲ್ಲ ಮಳೆಯ ನೀರಿನೊಡನೆ ಕೂಡಿಬಂದುದು ಆ ಅನಾಹುತಕ್ಕೆ ಒಂದು ಕಾರಣವಾಯಿತು. ಅನಂತರ ವಿಶ್ವೇಶ್ವರಯ್ಯನವರ ಯೋಜನೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಕಟ್ಟಲ್ಪಟ್ಟವು. ಸಣ್ಣ ಕೆರೆಯ ಏರಿಯಲ್ಲಿ ಬಿದ್ದ ಬಿಲವನ್ನೂ ಕಟ್ಟಿಹೋದ ಕೋಡಿಯನ್ನೂ ಅಲಕ್ಷಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

2020ನೆಯ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ಕರಾವಳಿಯನ್ನು ದಾಟಿದ ವಾಯುಭಾರ ಕುಸಿತವು ತೆಲಂಗಾಣದ ಮೂಲಕ ಉತ್ತರ ಕರ್ನಾಟಕಕ್ಕೆ ಬಂದು, ಹಿಂಗಾರಿನ ಆ ದಿನಗಳಲ್ಲಿ ಹಳ್ಳ ಹೊಳೆಗಳನ್ನು ಉಕ್ಕಿಸಿತು. ಸಮುದ್ರವು ದೂರವಿದ್ದರೂ ಅಲ್ಲಿಯ ಮಳೆಯು ಒಂದೆರಡು ದಿನಗಳಲ್ಲಿ ಇಲ್ಲಿಗೆ ಮುಟ್ಟಬಲ್ಲುದು.

ನೀರಿನ ಬಲ

ನೀರಿನ ವೇಗವು ಇಮ್ಮಡಿಯಾದರೆ ಅದರ ತಳ್ಳುವ ಬಲವು ನಾಲ್ಮಡಿಯಾಗುವುದು. ರಭಸದಿಂದ ಹರಿಯುವ 15 ಸೆಂಟಿಮೀಟರು ನೀರು ಪ್ರಾಯದ ಮನುಷ್ಯನ ಕಾಲು ತಪ್ಪಿಸಬಲ್ಲುದು. 60 ಸೆಂಟಿಮೀಟರು ನೀರು ಬಹುತರದ ಮೋಟಾರು ವಾಹನಗಳನ್ನು ತೇಲಿಸಬಲ್ಲುದು. ಕದಡಿದ ನೀರಿನ ಕೆಳಗೆ ರಸ್ತೆಯು ಕೊಚ್ಚಿಹೋಗಿದ್ದರೆ ಅದು ಕಣ್ಣಿಗೆ ಕಾಣಿಸುವುದಿಲ್ಲ. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ಕಾಲ್ನಡಿಗೆಯಿಂದಾಗಲಿ, ಬಂಡಿಯಿಂದಾಗಲಿ, ಟ್ರಾಕ್ಟರಿನಿಂದಾಗಲಿ ದಾಟಕೂಡದು. ಈಜು ಬಲ್ಲವನಿಗೂ ಈ ನಿಯಮವು ತಪ್ಪದು.

ಹಳ್ಳದ ಆಚೆ ಸಿಕ್ಕಿಬಿದ್ದಾಗ

ಹೊಲದಲ್ಲಿ ದುಡಿಯುವವರಿಗೆ ಇಲ್ಲಿಯೇ ನಿಜವಾದ ಇಕ್ಕಟ್ಟು ಒದಗುವುದು. ಬಯಲಿನಲ್ಲಿ ನಿಂತರೆ ಸಿಡಿಲಿನ ಭಯ. ಮನೆಗೆ ಓಡಿದರೆ ನಡುವೆ ತುಂಬಿದ ಹಳ್ಳ. ಈ ಇಕ್ಕಟ್ಟಿಗೆ ಪರಿಹಾರವನ್ನು ಮೊದಲೇ ಮಾಡಿಕೊಳ್ಳತಕ್ಕದ್ದು. ಮುಂಗಾರು ಹಿಡಿಯುವ ಮೊದಲೇ ಹೊಲವಿರುವ ದಡದಲ್ಲಿ, ಎತ್ತರದ ಜಾಗದಲ್ಲಿ, ಗಟ್ಟಿಯಾದ ಒಂದು ಮನೆಯನ್ನೋ ಶಾಲೆಯನ್ನೋ ಗುಡಿಯನ್ನೋ ಆಸರೆಗೆಂದು ಗೊತ್ತುಮಾಡಿ, ಅದರ ಯಜಮಾನರೊಡನೆ ಮಾತಾಡಿಕೊಂಡಿರಬೇಕು. ಹಳ್ಳ ಬಂದ ದಿನ ಅಲ್ಲಿಯೇ ತಂಗುವರೆಂದು ಮನೆಯವರಿಗೂ ತಿಳಿದಿರಬೇಕು; ಇಲ್ಲವಾದರೆ ಹುಡುಕಲು ಹೊರಟವರೇ ನೀರಿಗೆ ಸಿಕ್ಕುವ ಸಂಭವವುಂಟು. ಸಣ್ಣ ಹಳ್ಳದ ನೆರೆಯು ಬಂದಷ್ಟೇ ಬೇಗನೆ ಸಾಮಾನ್ಯವಾಗಿ ಕೆಲವು ತಾಸುಗಳಲ್ಲಿ ಇಳಿದುಹೋಗುವುದು. ಒಂದು ರಾತ್ರಿಯ ಅನಾನುಕೂಲವು ಪ್ರಾಣಕ್ಕೆ ಸಮನಲ್ಲ.

ಮಿಂಚು ಕಂಡ ಬಳಿಕ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನೊಳಗೆ ಇದೆಯೆಂದು ತಿಳಿದು ಆಸರೆಯನ್ನು ಸೇರಬೇಕು. ಕೊನೆಯ ಗುಡುಗಿನ ಅನಂತರ 30 ನಿಮಿಷಗಳವರೆಗೆ ಹೊರಬರಕೂಡದು. ಒಂಟಿಮರದ ಕೆಳಗೆ, ಕಂಬದ ಬಳಿಯಲ್ಲಿ, ತಂತಿಬೇಲಿಯ ಪಕ್ಕದಲ್ಲಿ ನಿಲ್ಲಬಾರದು. ಆಸರೆಯೇ ಸಿಕ್ಕದಿದ್ದರೆ ಗುಂಪುಗೂಡದೆ, ನೆಲದ ಮೇಲೆ ಮಲಗದೆ, ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಬೇಕು. ತಗ್ಗಿನ ಸ್ಥಳವು ಸಿಡಿಲಿಗೆ ಒಳ್ಳೆಯದೆಂದು ಹಳ್ಳದ ಪಾತ್ರಕ್ಕೆ ಇಳಿಯುವುದು ಮಾತ್ರ ಸರ್ವಥಾ ಸಲ್ಲದು.

ದನಕರುಗಳೂ ಸಾಮಾನುಗಳೂ

ಹಳ್ಳದ ದಂಡೆಯಲ್ಲಿ ದನಗಳನ್ನು ಕಟ್ಟಿ ರಾತ್ರಿ ಬಿಡಬಾರದು. ನೀರು ಏರುವಾಗ ಅವುಗಳನ್ನು ಎತ್ತರಕ್ಕೆ ಹೊಡೆಯಲು ಸಮಯವಿಲ್ಲದಿದ್ದರೆ ಹಗ್ಗವನ್ನಾದರೂ ಬಿಚ್ಚಿಬಿಡಬೇಕು. ಬಿಟ್ಟ ದನವು ಈಜಿ ದಡ ಸೇರಬಹುದು, ಕಟ್ಟಿದ ದನಕ್ಕೆ ಆ ಮಾರ್ಗವಿಲ್ಲ. ಸೋಯಾಬೀನು, ಉದ್ದು, ಹೆಸರುಗಳ ರಾಶಿಯನ್ನು ದಂಡೆಯ ತಗ್ಗಿನಲ್ಲಿ ಒಟ್ಟಬಾರದು. ಪಂಪುಸೆಟ್ಟನ್ನು ಉಳಿಸುವುದಕ್ಕೆಂದು ಏರುವ ನೀರಿಗೆ ಇಳಿಯಬಾರದು. ತೋಯ್ದ ಸ್ವಿಚ್ಚನ್ನು ಮುಟ್ಟಬಾರದು. ಬೆಳೆವಿಮೆ ಮಾಡಿಸಿದವರು ಸ್ಥಳೀಯ ವಿಪತ್ತಿನಿಂದಾದ ಹಾನಿಯನ್ನು 72 ತಾಸುಗಳೊಳಗೆ ತಿಳಿಸುವುದು ಅವಶ್ಯವು. ನೆರೆಯ ನೀರು ಹೊಕ್ಕ ಬಾವಿಯ ನೀರನ್ನು ಕುದಿಸದೆ ಕುಡಿಯಬಾರದು.

ಮುನ್ಸೂಚನೆಯ ಅನುಕೂಲ

ಇಂದಿನ ಒಕ್ಕಲಿಗನಿಗೆ ಹಿಂದಿನವರಿಗಿಲ್ಲದ ಕೆಲವು ಅನುಕೂಲಗಳಿವೆ. ಹವಾಮಾನ ಇಲಾಖೆಯು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಎಚ್ಚರಿಕೆಯನ್ನು ಕೊಡುವುದು; ಕೆಂಪು ಬಣ್ಣವು ಎಲ್ಲಕ್ಕೂ ಹೆಚ್ಚಿನ ಅಪಾಯದ ಗುರುತು. ಸಿಡಿಲಿನ ಸೂಚನೆಯು ದಾಮಿನಿ ಎಂಬ ಮೊಬೈಲ್ ಆ್ಯಪಿನಿಂದ ದೊರೆಯುವುದು. ಸಂಕಟದಲ್ಲಿ 112ಕ್ಕೆ ಕರೆ ಮಾಡಬಹುದು. ಆದರೆ ಹಳ್ಳದ ನೆರೆಯು ಸೂಚನೆಗಿಂತ ಮುಂಚಿತವಾಗಿಯೂ ಬರಬಹುದಾದುದರಿಂದ, ಮೇಲಿನ ಮುಗಿಲನ್ನು ನೋಡುವ ಕಣ್ಣೂ ದಡದಲ್ಲಿ ನಿಲ್ಲುವ ತಾಳ್ಮೆಯೂ ಅವಶ್ಯವಾಗಿಯೇ ಉಳಿಯುವವು. ಕೆಟ್ಟ ಬೆಳೆಯನ್ನು ಮರುವರ್ಷ ಬಿತ್ತಿ ಬೆಳೆಯಬಹುದು. ಬಿತ್ತುವ ಕೈಯನ್ನು ಮೊದಲು ಉಳಿಸಿಕೊಳ್ಳತಕ್ಕದ್ದು.