ಕರೆದಾಗ ಓಡಿಬಂದ ಅಣ್ಣ

ಸೂಪರ್‌ಮ್ಯಾನ್ ಎಂದೊಡನೆ ನಮ್ಮ ಮನೆಗಳ ಹಿರಿಯರು ಮೂಗು ಮುರಿಯುವುದುಂಟು. ನೀಲಿ ಅಂಗಿ, ಕೆಂಪು ಹೊದಿಕೆ, ಆಕಾಶದಲ್ಲಿ ಹಾರಾಟ, ಕೆಳಗಿಳಿದರೆ ಹೊಡೆದಾಟ. ಇದರಲ್ಲಿ ದೊಡ್ಡವರು ನೋಡುವಂಥದೇನಿದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಈ ಅತಿಮಾನವನ ಕತೆಯ ಬುಡದಲ್ಲಿರುವುದು ಹೊಡೆದಾಟವಲ್ಲ. ಮಕ್ಕಳಿಲ್ಲದ ರೈತ ದಂಪತಿಗಳು ಹೊಲದಲ್ಲಿ ಸಿಕ್ಕಿದ ಒಂದು ಮಗುವನ್ನು ಎತ್ತಿಕೊಂಡು ಬಂದು ತಮ್ಮದೆಂದು ಬೆಳೆಸಿದ್ದೇ ಅದರ ಬೇರು. ಈ ಬೇರನ್ನು ಹಿಡಿದು ಹೊರಟ ಎರಡು ದೂರದರ್ಶನ ಕಂತುಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಮಗನ್ನಿಸಿದೆ.

ಮೊದಲು ಸ್ವಲ್ಪ ಹಿನ್ನೆಲೆ. ಸೂಪರ್‌ಮ್ಯಾನ್ ಪಾತ್ರವನ್ನು ಕಲ್ಪಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಯುವಕರು, ಜೆರಿ ಸೀಗಲ್ ಮತ್ತು ಜೋ ಶುಸ್ಟರ್. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. 1938ರಲ್ಲಿ 'ಆಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಈ ಚಿತ್ರಕತೆ ಅಚ್ಚಾದಾಗ ಆಕಾಶದಿಂದ ಬಿದ್ದ ಶಿಶುವಿಗೆ ಸಾಕುವವರೇ ಇರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಕಾರಿನವನೊಬ್ಬ ಅದನ್ನು ಎತ್ತಿ ಅನಾಥಾಲಯಕ್ಕೆ ಒಪ್ಪಿಸುತ್ತಾನೆ, ಅಷ್ಟೆ. ಮರುವರ್ಷ, 1939ರಲ್ಲಿ, ಸೂಪರ್‌ಮ್ಯಾನ್ ಹೆಸರಿನಲ್ಲೇ ಪುಸ್ತಕ ಹೊರಟಾಗ ಕೆಂಟ್ ಎಂಬ ದಂಪತಿಗಳು ಬಂದರು, ಮಗುವನ್ನು ದತ್ತು ತೆಗೆದುಕೊಂಡರು. ಒಂದೇ ವರ್ಷದೊಳಗೆ ಕತೆಗಾರರಿಗೆ ಆ ಮಗುವಿಗೊಂದು ಮನೆ ಬೇಕೆನಿಸಿತು ನೋಡಿ! ಆಮೇಲೆ ಎಷ್ಟೋ ಮಂದಿ ಈ ಕತೆಯನ್ನು ತಿದ್ದಿದರು, ಬೆಳೆಸಿದರು. ಕೆಂಟ್ ದಂಪತಿಗಳನ್ನು ಮಾತ್ರ ಹೆಚ್ಚಿನವರು ಹೊರಗೆ ಕಳುಹಿಸಲಿಲ್ಲ.

2001ರ ಅಕ್ಟೋಬರದಲ್ಲಿ ಅಮೆರಿಕದಲ್ಲಿ 'ಸ್ಮಾಲ್‌ವಿಲ್' ಎಂಬ ಧಾರಾವಾಹಿ ಪ್ರಾರಂಭವಾಯಿತು. ಆಲ್ಫ್ರೆಡ್ ಗಾಫ್, ಮೈಲ್ಸ್ ಮಿಲ್ಲರ್ ಎಂಬಿಬ್ಬರು ಇದರ ನಿರ್ಮಾತೃಗಳು. ಸೂಪರ್‌ಮ್ಯಾನ್ ಇನ್ನೂ ಸೂಪರ್‌ಮ್ಯಾನ್ ಆಗುವ ಮೊದಲು, ಕ್ಲಾರ್ಕ್ ಕೆಂಟ್ ಎಂಬ ಹೈಸ್ಕೂಲು ಹುಡುಗನಾಗಿ ಕಾನ್ಸಾಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಅಪ್ಪನೊಂದಿಗೆ ಬೇಲಿ ಕಟ್ಟಿಕೊಂಡು, ಹುಲ್ಲು ಹೊತ್ತುಕೊಂಡು ಇದ್ದ ದಿನಗಳ ಕತೆ ಇದು. ಕ್ಲಾರ್ಕ್ ಆಗಿ ಟಾಮ್ ವೆಲ್ಲಿಂಗ್, ಸಾಕುತಂದೆ ಜೊನಾಥನ್ ಆಗಿ ಜಾನ್ ಶ್ನೈಡರ್, ಸಾಕುತಾಯಿ ಮಾರ್ಥಾ ಆಗಿ ಆನೆಟ್ ಓ'ಟೂಲ್ ನಟಿಸಿದ್ದಾರೆ. ಹಾರುವುದೂ ಇಲ್ಲ, ವೇಷವೂ ಇಲ್ಲ ಎಂಬುದು ನಿರ್ಮಾಪಕರು ತಾವೇ ಹಾಕಿಕೊಂಡ ಕಟ್ಟಳೆ. ಹುಡುಗನಿಗೆ ಅಪಾರ ಬಲವಿದೆ, ಗಾಳಿಯನ್ನು ಹಿಂದಿಕ್ಕುವ ಓಟವಿದೆ, ಗೋಡೆಯಾಚೆ ನೋಡುವ ಕಣ್ಣಿದೆ. ಹಾರಾಟ ಮಾತ್ರ ಇಲ್ಲ.

ಧಾರಾವಾಹಿಯಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾವು ಹೇಳಲಾರೆವು. ಮೊದಲ ವರ್ಷದಲ್ಲಂತೂ ವಾರಕ್ಕೊಬ್ಬ ವಿಚಿತ್ರ ಶಕ್ತಿಯವನು ಬರುವುದು, ಉಪದ್ರ ಕೊಡುವುದು, ಕೊನೆಗೆ ಸೋಲುವುದು, ಇದೇ ಗಾಣದೆತ್ತಿನ ಸುತ್ತು. ಇಂಥ ಸುತ್ತಿನ ನಡುವೆ 2002ನೇ ಏಪ್ರಿಲ್ 16ರಂದು 'ಸ್ಟ್ರೇ' ಎಂಬ ಕಂತು ಬಂತು. ದಾರಿ ತಪ್ಪಿದ್ದು, ದಿಕ್ಕಿಲ್ಲದೆ ಅಲೆಯುವುದು ಎಂದು ಆ ಮಾತಿನ ಅರ್ಥ.

ರಯನ್ ಎಂಬ ಬಾಲಕ. ಹೆತ್ತವರಿಲ್ಲ. ಅವನನ್ನು ಮಗನೆಂದು ಇಟ್ಟುಕೊಂಡ ಗಂಡಹೆಂಡಿರು ಕಳ್ಳರು. ಎದುರಿಗಿದ್ದವರ ಮನಸ್ಸಿನ ಮಾತು ಹುಡುಗನ ಕಿವಿಗೆ ಕೇಳಿಸುತ್ತದೆ. ಈ ಶಕ್ತಿಯನ್ನು ಅವರು ಕಳ್ಳತನಕ್ಕೆ ಉಪಯೋಗಿಸುತ್ತಾರೆ. ಅವರಿಂದ ತಪ್ಪಿಸಿಕೊಂಡು ಓಡುವಾಗ ಅವನು ಮಾರ್ಥಾಳ ವಾಹನಕ್ಕೆ ಅಡ್ಡ ಬೀಳುತ್ತಾನೆ. ಕೆಂಟ್ ದಂಪತಿಗಳು ಅವನನ್ನು ಮನೆಗೆ ಕರೆತರುತ್ತಾರೆ. ಒಬ್ಬನೇ ಮಗನಾಗಿ ಬೆಳೆದ ಕ್ಲಾರ್ಕ್‌ನಿಗೆ ಇದ್ದಕ್ಕಿದ್ದಂತೆ ಒಬ್ಬ ತಮ್ಮ ಸಿಗುತ್ತಾನೆ.

ಇಲ್ಲಿ ಕತೆಗಾರರು ಮಾಡಿದ ಒಂದು ಸಣ್ಣ ಏರ್ಪಾಡು ನಮ್ಮನ್ನು ಬಹಳ ಹಿಡಿಯಿತು. ರಯನ್‌ಗೆ ಎಲ್ಲರ ಮನಸ್ಸೂ ಕೇಳಿಸುತ್ತದೆ, ಕ್ಲಾರ್ಕ್‌ನದು ಮಾತ್ರ ಕೇಳಿಸುವುದಿಲ್ಲ. ಕ್ಲಾರ್ಕ್ ಈ ಭೂಮಿಯವನಲ್ಲ, ಅದಕ್ಕಾಗಿ ಎಂದು ಕತೆಯೊಳಗಿನ ಕಾರಣ. ಕಾರಣ ಹೇಗೂ ಇರಲಿ. ಪರರ ಮನೆಯಲ್ಲಿ ಬೆಳೆಯುವ ಮಗುವನ್ನು ಕಂಡವರಿಗೆ ಗೊತ್ತು, ಅದು ಸದಾ ದೊಡ್ಡವರ ಮುಖ ನೋಡುತ್ತಿರುತ್ತದೆ. ಎರಡನೇ ಸಲ ಅನ್ನ ಕೇಳಬಹುದೋ ಬಾರದೋ, ಬಾಗಿಲು ಜೋರಾಗಿ ಹಾಕಿದ್ದು ತನ್ನ ಮೇಲಿನ ಸಿಟ್ಟಿನಿಂದಲೋ ಗಾಳಿಯಿಂದಲೋ, ಈ ಲೆಕ್ಕ ಅದರ ತಲೆಯಲ್ಲಿ ನಡೆಯುತ್ತಲೇ ಇರುತ್ತದೆ. 'ನಾನು ಇವರಿಗೆ ಬೇಕೇ?' ಎಂಬುದು ಅದು ಬಾಯಿಬಿಟ್ಟು ಕೇಳದ ಪ್ರಶ್ನೆ. ಉಳಿದ ಮಕ್ಕಳು ಮುಖ ನೋಡಿ ಊಹಿಸುವುದನ್ನು ರಯನ್ ಕಿವಿಯಾರೆ ಕೇಳುತ್ತಾನೆ. ಬಾಯಲ್ಲಿ ಸಕ್ಕರೆ, ಮನಸ್ಸಿನಲ್ಲಿ ಬೇವು ಇರುವವರ ಮಧ್ಯೆಯೇ ಬೆಳೆದ ಹುಡುಗನಿಗೆ ಅದೆಂಥ ಶಿಕ್ಷೆ! ಆದರೆ ಕ್ಲಾರ್ಕ್‌ನ ಬಳಿ ಅವನಿಗೆ ಕೇಳಿಸುವುದು ಆಡಿದ ಮಾತು ಮಾತ್ರ. ನಂಬುವುದಿದ್ದರೆ ಆ ಮಾತನ್ನೇ ನಂಬಬೇಕು. ಹುಡುಗ ನಂಬುತ್ತಾನೆ. ಕ್ಲಾರ್ಕ್‌ನ ಗುಟ್ಟನ್ನು ಅರಿತ ಮೇಲೂ ಅದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ.

ಕಂತು ಸುಖವಾಗಿ ಮುಗಿಯಬೇಕಾದರೆ ರಯನ್ ಅಲ್ಲೇ ಉಳಿಯಬೇಕಿತ್ತು. ಹಾಗಾಗುವುದಿಲ್ಲ. ಎಡ್ಜ್ ಸಿಟಿ ಎಂಬ ಊರಿನಲ್ಲಿ ಅವನಿಗೊಬ್ಬಳು 'ಆಂಟಿ' ಇದ್ದಾಳೆ, ರಕ್ತಸಂಬಂಧಿ. ಹುಡುಗ ಅಲ್ಲಿಗೆ ಹೋಗುತ್ತಾನೆ. ಅವಳು ಅಮ್ಮನ ತಂಗಿಯೋ ಅಪ್ಪನ ತಂಗಿಯೋ ಆ ಶಬ್ದದಿಂದ ತಿಳಿಯುವಂತಿಲ್ಲ, ನಾವು ಚಿಕ್ಕಮ್ಮನೆಂದೇ ಇಟ್ಟುಕೊಳ್ಳೋಣ. 'ಬ್ರದರ್' ಎಂಬುದೂ ಹಾಗೆಯೇ. ಅಣ್ಣ ಬೇರೆ, ತಮ್ಮ ಬೇರೆ ಎಂದು ಎರಡು ಶಬ್ದ ಇಟ್ಟುಕೊಂಡ ನಮಗೆ, ಕನ್ನಡ ಆಡುವ ಮನೆಯಲ್ಲೂ ಮಲಯಾಳ ಆಡುವ ನೆರೆಮನೆಯಲ್ಲೂ, ಅಣ್ಣನೆಂದರೆ ಒಂದು ಹೊಣೆ. ಕ್ಲಾರ್ಕ್‌ನನ್ನು ಅಣ್ಣನನ್ನಾಗಿ ಮಾಡಿದ್ದು ಅಪ್ಪ ಅಮ್ಮನ ತೀರ್ಮಾನವಲ್ಲ, ಕೋರ್ಟಿನ ಆದೇಶವೂ ಅಲ್ಲ. ಅವನನ್ನೇ ನೆಚ್ಚಿಕೊಂಡ ಆ ಕಿರಿಯವನು.

ಏಳು ತಿಂಗಳ ಬಳಿಕ, ಅದೇ ವರ್ಷದ ನವೆಂಬರ್ 12ರಂದು, 'ರಯನ್' ಎಂಬ ಹುಡುಗನ ಹೆಸರಿನದೇ ಕಂತು ಪ್ರಸಾರವಾಯಿತು. ಹುಡುಗ ಈಗ ಚಿಕ್ಕಮ್ಮನ ಮನೆಯಲ್ಲಿಲ್ಲ. ಮಿದುಳಿನ ಸಂಶೋಧನೆ ನಡೆಸುವ ಸಂಸ್ಥೆಯೊಂದರ ಕೋಣೆಯಲ್ಲಿದ್ದಾನೆ, ಗಾರ್ನರ್ ಎಂಬ ವೈದ್ಯ ಅವನ ಶಕ್ತಿಯನ್ನು ಅರಿಯುವ ಹೆಸರಿನಲ್ಲಿ ಅವನ ಮೇಲೆ ಪ್ರಯೋಗ ಮಾಡುತ್ತಿದ್ದಾನೆ. ಹೇಗೋ ಒಂದು ಫೋನು ಕೈಗೆ ಸಿಕ್ಕಾಗ ರಯನ್ ಕರೆಯುವುದು ಚಿಕ್ಕಮ್ಮನನ್ನಲ್ಲ, ಪೊಲೀಸರನ್ನೂ ಅಲ್ಲ, ಕ್ಲಾರ್ಕ್‌ನನ್ನು. ಕ್ಲಾರ್ಕ್ ಓಡಿ ಬರುತ್ತಾನೆ. ಓಡುವುದೆಂದರೆ ಅವನದು ಎಂಥ ಓಟವೆಂದು ಹೇಳಬೇಕಾಗಿಲ್ಲ. ಬಿಡಿಸಿ ಮನೆಗೆ ತರುತ್ತಾನೆ. ಆದರೆ ಹಿಂದೆಯೇ ವೈದ್ಯನ ಕಡೆಯಿಂದ ಕಾನೂನಿನ ಕಾಗದವೂ ಬರುತ್ತದೆ. ಚಿಕ್ಕಮ್ಮ ಪೋಷಕಳ ಹಕ್ಕನ್ನು ವೈದ್ಯನಿಗೇ ಬರೆದುಕೊಟ್ಟಿದ್ದಾಳೆ. ಸಹಿ ಸರಿ, ಮೊಹರು ಸರಿ. ಮಗು ಮಾತ್ರ ನರಳುತ್ತಿದೆ.

ಈ ವೈದ್ಯನ ಪಾತ್ರ ತೀರ ಒರಟು ಕೆತ್ತನೆಯದು. ಯಕ್ಷಗಾನದ ಬಣ್ಣದ ವೇಷದಂತೆ ಪ್ರವೇಶದಲ್ಲೇ ಆರ್ಭಟ. ಒಳಗೊಬ್ಬ ಮನುಷ್ಯನಿದ್ದಾನೆಂದು ನಂಬುವುದು ಕಷ್ಟ. ಆದರೆ ಆ ಕಾಗದದ ಸಂಗತಿ ಹಾಗಲ್ಲ. ಇದರ ಬೆಲೆ ತಿಳಿಯಬೇಕಾದರೆ ಒಂದು ವಾರ ಮೊದಲು, ನವೆಂಬರ್ 5ರಂದು ಬಂದ 'ಲಿನಿಯೇಜ್' ಎಂಬ ಕಂತನ್ನೂ ಜೊತೆಗಿಟ್ಟು ನೋಡಬೇಕು. ಲಿನಿಯೇಜ್ ಎಂದರೆ ವಂಶ. ಕ್ಲಾರ್ಕ್‌ನನ್ನು ದತ್ತು ಪಡೆದ ಕಾಗದ ಹೇಗೆ ಹುಟ್ಟಿತೆಂದು ಅದರಲ್ಲಿ ತಿಳಿಯುತ್ತದೆ. ಉಲ್ಕೆಗಳ ಮಳೆಯಲ್ಲಿ ಆಕಾಶದಿಂದ ಬಿದ್ದ ಮಗುವಿಗೆ ಜನನಪತ್ರ ಎಲ್ಲಿಂದ ಬರಬೇಕು? ಜೊನಾಥನ್ ಕೆಂಟ್ ಪ್ರಾಮಾಣಿಕ ರೈತ, ಸುಳ್ಳು ಹೇಳುವವನಲ್ಲ. ಆದರೂ ಲಯನೆಲ್ ಲೂಥರ್ ಎಂಬ ಶ್ರೀಮಂತನ ಮೂಲಕ ಸುಳ್ಳು ದತ್ತುಪತ್ರ ಮಾಡಿಸಿಕೊಳ್ಳುತ್ತಾನೆ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ನೆರೆಯ ರಾಸ್ ಕುಟುಂಬದವರು ತಮ್ಮ ಕಾರ್ಖಾನೆಯನ್ನು ಲೂಥರ್‌ಗೆ ಮಾರುವಂತೆ ಅವನೇ ಅವರ ಮನವೊಲಿಸಬೇಕಾಯಿತು. ಆ ಮನೆಯ ಹುಡುಗ ಪೀಟ್ ಮುಂದೆ ಕ್ಲಾರ್ಕ್‌ನ ಆಪ್ತಮಿತ್ರನಾದವನು.

ಒಂದು ವಾರದ ಅಂತರದಲ್ಲಿ ಎರಡು ಕಾಗದಗಳು. ಕ್ಲಾರ್ಕ್‌ನ ಕಾಗದ ಸುಳ್ಳು, ಆದರೆ ಅವನು ನಿಜವಾದ ಮಗ. ರಯನ್‌ನ ಕಾಗದ ನಿಜ, ಆದರೆ ಅದರಲ್ಲಿ ಪೋಷಕನೆಂದು ಬರೆದವನು ಕಟುಕ. ಕತೆಗಾರರು ಇದನ್ನು ಎತ್ತಿ ಹೇಳುವುದಿಲ್ಲ, ನೋಡಿದವರು ಗಮನಿಸಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ಹೆರದವರಿಗೂ ಮುದ್ದಾಗುವ ಮಗುವಿನ ಬಗ್ಗೆ ಗಾದೆ ಕಟ್ಟುವ ಪುರುಸೊತ್ತು ನಮ್ಮ ಹಿರಿಯರಿಗೆ ಆಗಲಿಲ್ಲವೋ ಏನೋ.

ದತ್ತು ಕಾಗದದ ಮಾತು ಬಂದುದರಿಂದ ನಮ್ಮ ದೇಶದ ಕಾಯಿದೆಯ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಪ್ರಕಾರ, ಮನೆಯಲ್ಲಿ ಮಗನೋ ಮಗನ ಮಗನೋ ಇದ್ದರೆ ಇನ್ನೊಬ್ಬ ಗಂಡುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಇರುವ ಮಗ ದತ್ತುಮಗನಾದರೂ ಅದೇ ನಿಯಮ. ಹೆಣ್ಣುಮಗುವಿನ ವಿಷಯದಲ್ಲೂ ಹೀಗೆಯೇ. ವಂಶ ಮುಂದರಿಯಲು, ಪಿಂಡ ಹಾಕಲು ಒಬ್ಬ ಮಗ ಸಾಕು ಎಂಬ ಹಳೆಯ ಲೆಕ್ಕ ಇದರ ಹಿಂದಿದೆ. ಈ ಕಾಯಿದೆಯಡಿ ಕ್ಲಾರ್ಕ್ ಇರುವ ಮನೆಗೆ ರಯನ್ ಮಗನಾಗಿ ಬರಲಾರ. ದತ್ತಿನಿಂದ ಮಗ ಸಿಕ್ಕಾನು, ಮಗನಿಗೊಬ್ಬ ತಮ್ಮ ಸಿಗಲಾರ. 2000ನೇ ಇಸವಿಯ ಬಾಲನ್ಯಾಯ ಕಾಯಿದೆ ಇನ್ನೊಂದು ದಾರಿ ತೆರೆಯಿತು. ಹೆತ್ತ ಮಕ್ಕಳಿದ್ದವರೂ ದಿಕ್ಕಿಲ್ಲದ ಅದೇ ಲಿಂಗದ ಮಗುವನ್ನು ದತ್ತು ಪಡೆಯಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಾಯಿತು. ಅದರ ಜಾಗಕ್ಕೆ 2015ರಲ್ಲಿ ಹೊಸ ಕಾಯಿದೆ ಬಂತು. 2021ರ ತಿದ್ದುಪಡಿಯಿಂದ ದತ್ತಿನ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮ ಕಲೆಕ್ಟರರಿಗೆ ಬಂದಿದೆ. ಮಗುವನ್ನು ಅಪೇಕ್ಷಿಸುವವರು ಯಾರದೋ ಮಾತು ಕೇಳಿ ಆಸ್ಪತ್ರೆಯ ಹಿಂಬಾಗಿಲಿಗೆ ಹೋಗದೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ದಾರಿಯಲ್ಲೇ ಹೋಗಬೇಕು. ಜೊನಾಥನ್ ಮಾಡಿಸಿದಂಥ ಕಾಗದ ಧಾರಾವಾಹಿಗೆ ಸರಿ, ಊರಿಗೆ ಸರಿಯಲ್ಲ.

ತಾಳಮದ್ದಳೆ ಕೇಳಿ ಬೆಳೆದ ನಮ್ಮ ಓದುಗರಿಗೆ ಇಷ್ಟು ಹೊತ್ತಿಗೆ ಕರ್ಣನ ನೆನಪಾಗಿರಬೇಕು. 'ಕರ್ಣಭೇದನ'ದಲ್ಲಿ ಕೃಷ್ಣ ಬಂದು, ನೀನು ಸೂತನ ಮಗನಲ್ಲ, ಪಾಂಡವರಿಗೆಲ್ಲ ಅಣ್ಣ ಎಂದು ತಿಳಿಸುತ್ತಾನೆ. ಕರ್ಣ ಹೋಗುವುದಿಲ್ಲ. ಸಾಕಿದ ರಾಧೆಯನ್ನೂ ಅಧಿರಥನನ್ನೂ ಬಿಡಲಾರೆ ಎಂಬುದು ಅವನು ಕೊಡುವ ಕಾರಣಗಳಲ್ಲಿ ಒಂದು. ಒಳ್ಳೆಯ ಅರ್ಥಧಾರಿಯ ಬಾಯಲ್ಲಿ ಆ ಘಟ್ಟ ಬಂದಾಗ ಚಪ್ಪರದಲ್ಲಿ ಕಣ್ಣೊರಸಿಕೊಳ್ಳದವರು ಕಡಿಮೆ. ಅಲ್ಲಿ ಅಣ್ಣತಮ್ಮಂದಿರೆಂಬ ಸುದ್ದಿ ತಿಳಿಯುವುದು ಯುದ್ಧದ ಮುಂದೆ, ತಿಳಿದು ಉಪಯೋಗವಿಲ್ಲದ ಹೊತ್ತಿನಲ್ಲಿ. ಈ ಧಾರಾವಾಹಿಯಲ್ಲಿ ರಕ್ತದ ನಂಟೇ ಇಲ್ಲದ ಇಬ್ಬರು ತಾವಾಗಿ ಅಣ್ಣತಮ್ಮಂದಿರಾಗುತ್ತಾರೆ. ಇವರಿಗೂ ಸಮಯ ಸಾಲುವುದಿಲ್ಲ.

ಏಕೆಂದರೆ ರಯನ್‌ನ ಮಿದುಳಿನಲ್ಲಿ ಗಡ್ಡೆ ಬೆಳೆಯುತ್ತಿದೆ. ಗಾರ್ನರ್‌ನ ಕೈಯಿಂದ ಬಿಡಿಸಿ ತಂದ ಹುಡುಗನನ್ನು ಇದರ ಕೈಯಿಂದ ಬಿಡಿಸುವುದು ಹೇಗೆ? ಕ್ಲಾರ್ಕ್ ಒಪ್ಪುವುದಿಲ್ಲ. ಎಲ್ಲಿಯಾದರೂ ಒಬ್ಬ ವೈದ್ಯ ಇದ್ದಾನು, ಇನ್ನೂ ವೇಗವಾಗಿ ಓಡಿದರೆ ತಲುಪಿಯೇನು ಎಂದು ಅವನ ಹಟ. ಕೊನೆಗೆ ವೈದ್ಯರು ಕೈಚೆಲ್ಲುತ್ತಾರೆ. ಕಬ್ಬಿಣ ಬಗ್ಗಿಸುವ ಹುಡುಗ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೈಕಟ್ಟಿ ನಿಂತಿರುವುದನ್ನು ನೋಡಿದಾಗ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ಯಾರಿಗಾದರೂ ಇವನು ನಮ್ಮವನೇ ಎನಿಸಿಬಿಡುತ್ತದೆ. ಸಾಯುವುದು ತನಗೇ ಗೊತ್ತಿದ್ದ ರಯನ್ ದೊಡ್ಡವರಿಗಿಂತ ಸಮಾಧಾನದಲ್ಲಿದ್ದಾನೆ. ಎಲ್ಲರ ಮನಸ್ಸನ್ನೂ ಕೇಳಬಲ್ಲವನಿಗೆ, ಏನೂ ಆಗುವುದಿಲ್ಲ ಮಗು ಎಂದು ಯಾರು ಸುಳ್ಳು ಹೇಳಿ ನಂಬಿಸಬಲ್ಲರು!

ರಯನ್‌ಗೆ ಪಾತ್ರದ ಹೆಸರನ್ನೇ ಹೊತ್ತ ರಯನ್ ಕೆಲ್ಲಿ ಎಂಬ ಬಾಲನಟ ಜೀವ ತುಂಬಿದ್ದಾನೆ. ಅಳು ಕಡಿಮೆ, ಗೋಗರೆತ ಇಲ್ಲವೇ ಇಲ್ಲ. ಟಾಮ್ ವೆಲ್ಲಿಂಗ್ ದೊಡ್ಡ ನಟನೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಈ ಕಂತಿನಲ್ಲಿ ಅವನ ಮಾತು ಸಿಗದೆ ತಡವರಿಸುವ ರೀತಿಯೇ ಸರಿಹೊಂದಿದೆ.

ಕೊನೆಯ ದಿನಗಳಲ್ಲಿ ಕ್ಲಾರ್ಕ್ ಅವನನ್ನು ಬಿಸಿಗಾಳಿಯ ಬೆಲೂನಿನಲ್ಲಿ ಕೂರಿಸಿ ಆಕಾಶಕ್ಕೆ ಕರೆದೊಯ್ಯುತ್ತಾನೆ. ಮುಂದೊಂದು ದಿನ ಲೋಕವನ್ನೇ ಸುತ್ತಿ ಹಾರಬೇಕಾದವನಿಗೆ ಇನ್ನೂ ಹಾರಲು ಬಾರದು. ತಮ್ಮನಿಗೆ ಊರನ್ನು ಮೇಲಿನಿಂದ ತೋರಿಸಬೇಕಾದರೆ ಎಲ್ಲರಂತೆ ಬೆಲೂನಿನ ಬುಟ್ಟಿಯನ್ನೇ ಹತ್ತಬೇಕು. ಕೆಳಗೆ ಹೊಲಗಳು, ಬೇಲಿಗಳು, ಮೇಲೆ ಇಬ್ಬರೇ. ರಯನ್ ಆಮೇಲೆ ಹೆಚ್ಚು ದಿನ ಬದುಕುವುದಿಲ್ಲ.

ಧಾರಾವಾಹಿ ಹತ್ತು ವರ್ಷ ನಡೆಯಿತು. 2011ರ ಮೇ ತಿಂಗಳಲ್ಲಿ ಪ್ರಸಾರವಾದ ಕೊನೆಯ ಕಂತಿನಲ್ಲಿ ಕ್ಲಾರ್ಕ್ ಅಂತೂ ಹಾರುತ್ತಾನೆ. ಮಕ್ಕಳಿಗೆ ಇಷ್ಟವಾಗುವುದು ಆ ಕಂತೇ ಇರಬಹುದು. ಮನೆಯ ಹಿರಿಯರು ಒಂದನ್ನೇ ನೋಡುವುದಾದರೆ ಬೆಲೂನಿನ ಕಂತನ್ನು ನೋಡಲಿ, ಪುರುಸೊತ್ತಿದ್ದರೆ ಅದಕ್ಕೆ ಮೊದಲು 'ಸ್ಟ್ರೇ'ಯನ್ನೂ.