ಮದ್ದಿನ ತೂಕ, ಕೇಪಿನ ಕಿಡಿ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎಷ್ಟೊಂದು ಅರ್ಥಗಳು! ವೈದ್ಯನು ಕೊಡುವುದೂ ಮದ್ದು, ಹಗೆಯು ಅನ್ನದಲ್ಲಿ ಇಕ್ಕುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಮೂರಕ್ಕೂ ಒಂದೇ ಹೆಸರು ಸಲ್ಲುವುದು ಅನುಚಿತವೇನಲ್ಲ. ಮೂರರಲ್ಲಿಯೂ ಪ್ರಮಾಣವೇ ಪ್ರಾಣ; ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಈ ಮಾತಿನ ಸತ್ಯವನ್ನು ದಿನನಿತ್ಯ ಅನುಭವಿಸುವವರ ಒಂದು ದೊಡ್ಡ ಸಮುದಾಯ ಅಮೆರಿಕ ದೇಶದಲ್ಲಿ ಉಂಟು. ಅವರು ಬೇಟೆಗಾರರಲ್ಲ, ಸೈನಿಕರೂ ಅಲ್ಲ. ಕಾಗದದ ಗುರಿಹಲಗೆಗೆ ರೈಫಲ್ ಹಾರಿಸುವ ಹವ್ಯಾಸಿಗಳು. ಅಂಗಡಿಯಲ್ಲಿ ಸಿದ್ಧವಾದ ತೋಟಾ ದೊರೆಯುತ್ತಿದ್ದರೂ ಅದನ್ನು ಕೊಳ್ಳದೆ, ಮನೆಯ ಮೇಜಿನ ಮೇಲೆ ತಕ್ಕಡಿಯಿಟ್ಟುಕೊಂಡು, ಅಕ್ಕಸಾಲಿಗನಂತೆ ತೂಗಿ ತೂಗಿ ಒಂದೊಂದೇ ತೋಟಾವನ್ನು ತಾವೇ ತುಂಬಿಕೊಳ್ಳುತ್ತಾರೆ. ಅವರ ತೂಕದ ಮಾನ ‘ಗ್ರೇನ್’. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಗುಲಗಂಜಿಯೊಂದು ಎರಡು ಗ್ರೇನಿಗೆ ತುಸು ಕಡಮೆ ತೂಗುತ್ತದೆ. ಅವರಾದರೋ ಒಂದು ಗ್ರೇನಿನ ಹತ್ತನೆಯ ಒಂದು ಪಾಲನ್ನೂ ಬಿಡದೆ ಲೆಕ್ಕವಿಡುವವರು!

ಇಷ್ಟು ಕಷ್ಟವೇಕೆ? ಹಿತ್ತಾಳೆಯ ತೋಟಾಕವಚವನ್ನು ಹಲವು ಬಾರಿ ಬಳಸಬಹುದಾದ್ದರಿಂದ ಹಣ ಉಳಿಯುತ್ತದೆ ಎಂಬುದು ಮನೆಯವರಿಗೆ ಹೇಳುವ ಕಾರಣ. ನಿಜವಾದ ಕಾರಣ ಬೇರೆ. 1,000 ಗಜ ದೂರದ ಗುರಿಯನ್ನು ನೆನೆಯಿರಿ. ಸೆಕೆಂಡಿಗೆ 2,600 ಅಡಿಯ ವೇಗದಿಂದ ಹೊರಟ ಗುಂಡು ಅಲ್ಲಿಗೆ ಮುಟ್ಟಲು ಒಂದೂವರೆ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಭೂಮಿಯು ಅದನ್ನು 30 ಅಡಿಗೂ ಹೆಚ್ಚು ಕೆಳಕ್ಕೆ ಸೆಳೆದಿರುತ್ತದೆ. ಒಂದು ಗುಂಡಿಗೂ ಮತ್ತೊಂದಕ್ಕೂ ವೇಗದಲ್ಲಿ ಸೆಕೆಂಡಿಗೆ ಕೇವಲ 30 ಅಡಿಯ ವ್ಯತ್ಯಾಸವಿದ್ದರೂ ಗುರಿಹಲಗೆಯ ಮೇಲೆ ಅವು ಹೆಚ್ಚುಕಡಮೆ 10 ಅಂಗುಲ ಮೇಲೆಕೆಳಗಾಗಿ ಬೀಳುತ್ತವೆ. ಅಮೆರಿಕದ ಸ್ಪರ್ಧೆಗಳಲ್ಲಿ ಆ ದೂರಕ್ಕೆ ಪೂರ್ಣ ಅಂಕವಾದ ಹತ್ತನ್ನು ಕೊಡುವ ವೃತ್ತದ ಅಡ್ಡಳತೆ 20 ಅಂಗುಲ, ಅದರೊಳಗಣ ನಡುವೃತ್ತದ್ದು 10. ಹೀಗಿರುವಾಗ ಕೈ ನಡುಗದಿದ್ದರೂ, ಗಾಳಿ ಮೋಸಮಾಡದಿದ್ದರೂ, ತೋಟಾ ಒಂದೇ ಸಮನಾಗಿರದಿದ್ದರೆ ಪದಕದ ಆಸೆ ಬಿಡಬೇಕು. ಹೆಚ್ಚಿನ ವೇಗ ಅವರಿಗೆ ಬೇಕಿಲ್ಲ, ಒಂದೇ ವೇಗ ಬೇಕು.

ಆ ಸಮತೆ ಮುಖ್ಯವಾಗಿ ಎರಡು ವಸ್ತುಗಳ ಕೈಯಲ್ಲಿದೆ: ಉರಿಯುವ ಮದ್ದು, ಉರಿಸುವ ಕೇಪು.

ಹಳೆಯ ಕಾಲದ ಕರಿಮದ್ದು ಎಲ್ಲರಿಗೂ ತಿಳಿದದ್ದೇ. ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ. ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇಯ್ ಎಂಬಾತನು ನೈಟ್ರೊಸೆಲ್ಯುಲೋಸ್‌ನಿಂದ ಹೊಗೆಯಿಲ್ಲದ ಮದ್ದನ್ನು ಮಾಡಿದನು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೊಗ್ಲಿಸರಿನ್ ಬೆರೆಸಿದನು. 1889ರಲ್ಲಿ ಇಂಗ್ಲೆಂಡಿನಲ್ಲಿ ದಾರದಂತಹ ಎಳೆಗಳ ‘ಕಾರ್ಡೈಟ್’ ಹುಟ್ಟಿತು; ನೀಲಗಿರಿಯ ರೈಲಿನಲ್ಲಿ ಉದಕಮಂಡಲಕ್ಕೆ ಹೋದವರು ದಾರಿಯಲ್ಲಿ ಅರವಂಕಾಡು ನಿಲ್ದಾಣವನ್ನು ಕಂಡಿರಬೇಕಲ್ಲವೆ? ಅಲ್ಲಿಯ ಕಾರ್ಖಾನೆಗೆ ಹೆಸರು ಬಂದದ್ದು ಈ ಮದ್ದಿನಿಂದಲೇ.

ಹೊಸ ಮದ್ದಿನ ಗುಟ್ಟು ಅದರ ಕಾಳಿನ ಆಕಾರದಲ್ಲಿದೆ. ನಮ್ಮ ಬಚ್ಚಲೊಲೆಯನ್ನು ನೋಡಿರಿ. ತರಗೆಲೆ ಹಾಕಿದರೆ ಭುಗಿಲ್ಲೆಂದು ಎದ್ದು ಕ್ಷಣದಲ್ಲಿ ಆರುತ್ತದೆ. ದಪ್ಪ ಕೊರಡು ನಿಧಾನವಾಗಿ ಹಿಡಿದು ಹಂಡೆಯ ನೀರನ್ನು ಕಾಯಿಸುತ್ತದೆ. ಹಾಗೆಯೇ ಸಣ್ಣ ತೆಳುವಾದ ಕಾಳು ಬೇಗ ಉರಿಯುತ್ತದೆ, ದಪ್ಪನೆಯದು ತಡವಾಗಿ. ಕಾಳಿನ ನಡುವೆ ಒಂದು ರಂಧ್ರ ಕೊರೆದರೆ ಹೊರಮೈ ಸವೆದಂತೆ ಒಳಮೈ ಹಿಗ್ಗುತ್ತ ಹೋಗಿ ಉರಿ ಒಂದೇ ಹದದಲ್ಲಿ ನಿಲ್ಲುತ್ತದೆ. ಕಾಳಿನ ಮೇಲೆ ಉರಿಯನ್ನು ತಡೆಯುವ ಲೇಪವನ್ನೂ ಕೊಡುವುದುಂಟು.

ಯಾವ ತೋಟಾಕ್ಕೆ ಯಾವ ಮದ್ದು? ಕವಚ ದೊಡ್ಡದಾಗಿ, ನಳಿಗೆ ಕಿರಿದಾಗಿ, ಗುಂಡು ಭಾರವಾದಷ್ಟೂ ನಿಧಾನದ ಮದ್ದು ಬೇಕು. ಪಿಸ್ತೂಲಿನ ಪುಟ್ಟ ತೋಟಾಕ್ಕೆ ತರಗೆಲೆಯ ಜಾತಿಯದು; ದೊಡ್ಡ ಮ್ಯಾಗ್ನಮ್ ರೈಫಲಿಗೆ ಕೊರಡಿನ ಜಾತಿಯದು. 1952ರಲ್ಲಿ ಬಂದ .308 ವಿಂಚೆಸ್ಟರ್ ಎಂಬ ಪ್ರಸಿದ್ಧ ತೋಟಾಕ್ಕೆ ನಡುವಣ ವೇಗದ್ದು ಒಪ್ಪುತ್ತದೆ. ಅಂತಹವುಗಳಲ್ಲಿ 4895 ಎಂಬ ಸಂಖ್ಯೆಯ ಮದ್ದಿನ ಕಥೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ರೈಫಲ್ ತೋಟಾಗಳಿಗೆಂದು ಅದನ್ನು ರಾಶಿರಾಶಿಯಾಗಿ ತಯಾರಿಸಿದ್ದರು. ಯುದ್ಧ ಮುಗಿದ ಮೇಲೆ ಉಳಿದುದನ್ನು ಬ್ರೂಸ್ ಹಾಜ್ಡನ್ ಎಂಬ ಕ್ಯಾನ್ಸಸ್‌ನ ಗೃಹಸ್ಥನು ಸರಕಾರದಿಂದ ಕೊಂಡು ಹವ್ಯಾಸಿಗಳಿಗೆ ಅಗ್ಗವಾಗಿ ಮಾರಿದನು. ಯುದ್ಧದ ಉಳಿಕೆಯಿಂದ ಒಂದು ಆಟವೇ ಬೆಳೆಯಿತು! ಆ ಸಂಖ್ಯೆಯ ಮದ್ದು ಇಂದಿಗೂ ಮಾರಾಟದಲ್ಲಿದೆ.

ಒಪ್ಪುವ ಮದ್ದುಗಳು ಹಲವಿದ್ದಾಗ, ಕವಚವನ್ನು ಹೆಚ್ಚುಕಡಮೆ ತುಂಬಿ ನಿಲ್ಲುವುದನ್ನೇ ಬಲ್ಲವರು ಆರಿಸುತ್ತಾರೆ. ಅರೆಬರೆ ತುಂಬಿದರೆ ಮದ್ದು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸರಿದು ಉರಿ ಹತ್ತುವ ರೀತಿ ಬದಲಾಗುತ್ತದೆ. ಮತ್ತೊಂದು ಲಾಭವೂ ಇದೆ: ಮೈಮರೆತು ಎರಡು ಬಾರಿ ಸುರಿದರೆ ತುಳುಕಿ ಹೊರಚೆಲ್ಲುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಇನ್ನು ಬಿಸಿಲು. ಮಾಘದ ಚಳಿಯಲ್ಲಿ ಹದವಾದ ತೋಟಾ ವೈಶಾಖದ ಬಿಸಿಲಿನಲ್ಲಿ ಉಗ್ರವಾಗುವುದುಂಟು. ತಾಪಕ್ಕೆ ಅಷ್ಟಾಗಿ ಬಾಗದ ಮದ್ದುಗಳನ್ನು ಈಗ ಬೇರೆಯಾಗಿಯೇ ತಯಾರಿಸುತ್ತಾರೆ. ಕಡಲೆಯಂತೆ ಉರುಟಾದ ಕಾಳಿನ ಮದ್ದು ಅಳತೆಪಾತ್ರೆಯಿಂದ ನೀರಿನಂತೆ ಇಳಿದು ತುಂಬುವ ಕೆಲಸವನ್ನು ಹಗುರಮಾಡುತ್ತದೆ, ಆದರೆ ಅದಕ್ಕೆ ಕಿಡಿ ಹತ್ತುವುದು ತುಸು ಕಷ್ಟ.

ಕಿಡಿಯ ಮಾತು ಬಂದಿತು. ಮಲೆನಾಡಿನವರಿಗೆ ‘ಕೇಪಿನ ಕೋವಿ’ ಗೊತ್ತು. ಆ ಕೇಪಿನ ಮೂಲಪುರುಷನು ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸಿತ್. ಚಕಮಕಿ ಬಂದೂಕಿನ ಕಿಡಿ ಮೊದಲು ಹೊರಗೆ ಮಿಂಚಿ, ಗುಂಡು ಆಮೇಲೆ ಹೊರಡುತ್ತಿದ್ದುದರಿಂದ ಹಕ್ಕಿಗಳು ಎಚ್ಚತ್ತು ಹಾರಿಹೋಗುತ್ತಿದ್ದವು. ಪಾದ್ರಿಗೆ ಇದು ಸಹಿಸಲಿಲ್ಲ! ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯವನ್ನು ಹೂಡಿ 1807ರಲ್ಲಿ ಪೇಟೆಂಟ್ ಪಡೆದನು. ಇಂದಿನ ತೋಟಾದ ತಳದಲ್ಲಿ ಕೂರುವ ಪುಟ್ಟ ಬಟ್ಟಲು ಆ ಉಪಾಯದ ಮೊಮ್ಮಗ. ಇದರಲ್ಲಿ ಎರಡು ಬಗೆ: ಅಮೆರಿಕದ ಬರ್ಡನ್ ಮಾಡಿದ್ದು ಯೂರೋಪಿನಲ್ಲಿ ನೆಲೆನಿಂತಿತು, ಇಂಗ್ಲೆಂಡಿನ ಬಾಕ್ಸರ್ ಮಾಡಿದ್ದು ಅಮೆರಿಕದಲ್ಲಿ. ಬಾಕ್ಸರನದಕ್ಕೆ ನಟ್ಟನಡುವೆ ಒಂದೇ ರಂಧ್ರವಿರುವುದರಿಂದ ಹಾರಿಸಿದ ಕೇಪನ್ನು ಸೂಜಿಯಂತಹ ಸಲಾಕೆಯಿಂದ ಸುಲಭವಾಗಿ ಹೊರನೂಕಬಹುದು. ಅಮೆರಿಕದಲ್ಲಿ ಈ ಹವ್ಯಾಸ ಮನೆಮನೆಗೆ ಹಬ್ಬಲು ಈ ಒಂದು ರಂಧ್ರವೂ ಕಾರಣ.

ದೊಡ್ಡ ಉರಿ ಒಳ್ಳೆಯದಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲ. ಮದ್ದನ್ನು ಹತ್ತಿಸಲು ಸಾಕಾದಷ್ಟೇ ಇದ್ದು, ಪ್ರತಿ ಸಲವೂ ಅಷ್ಟೇ ಇರುವ ಕಿಡಿಯೇ ಒಳ್ಳೆಯದು. ಪ್ರಬಲವಾದ ಮ್ಯಾಗ್ನಮ್ ಕೇಪು ದೊಡ್ಡ ಕವಚಕ್ಕೆ, ಹತ್ತಲು ಕಷ್ಟವಾದ ಉರುಟು ಮದ್ದಿಗೆ ಮೀಸಲು. 1975ರಲ್ಲಿ ಲೂಯಿ ಪಾಮಿಸಾನೊ, ಫೆರಿಸ್ ಪಿಂಡೆಲ್ ಎಂಬಿಬ್ಬರು ರೂಪಿಸಿದ 6 ಮಿಲಿಮೀಟರ್ ಪಿಪಿಸಿ ಎಂಬ ಗಿಡ್ಡ ತೋಟಾ ಸಣ್ಣ ಕೇಪನ್ನೇ ಬಳಸಿ, ಮೇಜಿನ ಮೇಲೆ ರೈಫಲ್ ಇರಿಸಿ ಹಾರಿಸುವ ಸ್ಪರ್ಧೆಗಳಲ್ಲಿ ದೀರ್ಘಕಾಲ ಮೆರೆಯಿತು. ಆದರೆ ಪಿಸ್ತೂಲಿನ ಕೇಪು ಮಾತ್ರ ರೈಫಲಿಗೆ ಸಲ್ಲದು. ಅದರ ಬಟ್ಟಲು ತೆಳು. .308 ತೋಟಾದೊಳಗಣ ಒತ್ತಡಕ್ಕೆ ಅಂಗೀಕೃತ ಮೇರೆ ಚದರ ಅಂಗುಲಕ್ಕೆ 62,000 ಪೌಂಡ್. ಅದನ್ನು ತಾಳಲಾರದೆ ಬಟ್ಟಲು ತೂತಾದರೆ ಕುದಿಯುವ ಅನಿಲ ಹಾರಿಸುವವನ ಮುಖದತ್ತ ನುಗ್ಗುತ್ತದೆ.

ಇಲ್ಲಿ ಹವ್ಯಾಸದ ಹುಡುಗಾಟ ಮುಗಿಯಿತು. ಬೇಗ ಉರಿಯುವ ಮದ್ದೂ ನಿಧಾನದ್ದೂ ನೋಡಲು ಒಂದೇ ತೆರನ ಕಪ್ಪುಕಾಳು. ಡಬ್ಬಿ ಅದಲುಬದಲಾದರೆ ರೈಫಲ್ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ. ಆದುದರಿಂದ ಮೇಜಿನ ಮೇಲೆ ಒಂದೇ ಡಬ್ಬಿ ಇರತಕ್ಕದ್ದೆಂದೂ, ಹೆಸರಿಲ್ಲದ ಮದ್ದನ್ನು ಎಂದೂ ಬಳಸತಕ್ಕದ್ದಲ್ಲವೆಂದೂ, ಕೇಪುಗಳನ್ನು ಸೀಸೆಯಲ್ಲಿ ಸುರಿದಿಡದೆ ಅವು ಬಂದ ತಟ್ಟೆಯಲ್ಲೇ ಇಡಬೇಕೆಂದೂ ಕಟ್ಟುನಿಟ್ಟಿನ ವಿಧಿಗಳಿವೆ. ಸೀಸೆಯಲ್ಲಿ ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಸಿಡಿದಾವು. ಪ್ರಕಟಿತ ಕೈಪಿಡಿಯಲ್ಲಿ ಹೇಳಿದ ಕನಿಷ್ಠ ತೂಕದಿಂದ ಆರಂಭಿಸಿ, ಹಾರಿಸಿದ ಕೇಪಿನ ಅಂಚು ಚಪ್ಪಟೆಯಾಯಿತೆ, ಬೋಲ್ಟ್ ಎತ್ತಲು ಬಿಗಿಯಾಯಿತೆ ಎಂದು ಪರೀಕ್ಷಿಸುತ್ತ ಎಳ್ಳಷ್ಟೆಳ್ಳಷ್ಟೇ ಏರುವುದು ಕ್ರಮ. ಮದ್ದು, ಕೇಪು, ಕವಚ, ಗುಂಡು ಇವುಗಳಲ್ಲಿ ಒಂದು ಬದಲಾದರೂ ಮತ್ತೆ ಕೆಳಗಿನಿಂದಲೇ ಏರಬೇಕು.

2020ರಿಂದ ಮುಂದೆ ಅಮೆರಿಕದಲ್ಲಿ ಕೇಪಿಗೆ ಬರಗಾಲ ಬಂದಾಗ ಈ ಕ್ರಮ ನಿಜವಾದ ಪರೀಕ್ಷೆಗೆ ಒಳಗಾಯಿತು. ಒಗ್ಗಿದ ಕೇಪು ಅಂಗಡಿಯಲ್ಲಿ ಇಲ್ಲ. ಇದ್ದುದಕ್ಕೆ ದುಬಾರಿ ಬೆಲೆ. ಬೇರೆ ಬಗೆಯದನ್ನು ಕೊಂಡರೆ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕವೆಲ್ಲ ವ್ಯರ್ಥ, ಹೊಸದಾಗಿ ಪರೀಕ್ಷಿಸಲು ಕೇಪೇ ಸಾಲದು. ಅಂದಿನಿಂದ ಜಾಣರು ಒಂದೇ ತಯಾರಿಕೆಯ ಕಂತಿನ ಮದ್ದನ್ನೂ ಕೇಪನ್ನೂ ಒಮ್ಮೆಗೇ ಹೆಚ್ಚಾಗಿ ಕೊಂಡಿಡುತ್ತಾರೆ.

ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾನೂನಿನ ಪ್ರಕಾರ ಅಪರಾಧ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂಥಕ್ಕೆ ಅಂಗಡಿಯ ತೋಟಾವೇ ಸಾಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದಂತೂ 10 ಮೀಟರ್ ಗಾಳಿಬಂದೂಕಿನಲ್ಲಿ. ಅದಕ್ಕೆ ಮದ್ದೂ ಬೇಡ, ಕೇಪೂ ಬೇಡ.